ಪರಪಕ್ಷಕ್ಕೆ ಹಾಕಿದ ಮತ: ಗಂಗಾವತಿಯ ಎರಡು ನಿದರ್ಶನಗಳು

ಯಾವ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಾದರೂ ಯಾರು ಬೇಕಾದರೂ ಮತ ಹಾಕಬಹುದೆಂಬ ಕ್ಯಾಲಿಫೋರ್ನಿಯಾದ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2000ದಲ್ಲಿ ರದ್ದುಮಾಡಿತು. ಹೊರಗಿನವರ ಮತವನ್ನು ಹೇರಿದರೆ ಪಕ್ಷದ ಸಂಘಟನಾ ಸ್ವಾತಂತ್ರ್ಯಕ್ಕೆ ಪೆಟ್ಟು ಬೀಳುತ್ತದೆ ಎಂಬುದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಬರೆದ ತೀರ್ಪಿನ ತಿರುಳು. ನೊಂದ ಕಕ್ಷಿ ಪಕ್ಷವೇ ಎಂಬ ಈ ಅಳತೆ ಕರ್ನಾಟಕಕ್ಕೆ ಸಾಲದು.

ಇಲ್ಲಿ ಪ್ರಾಥಮಿಕ ಚುನಾವಣೆಯೇ ಅಪರೂಪ. 2014ರಲ್ಲಿ ಕಾಂಗ್ರೆಸ್ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಕ್ಷೇತ್ರಗಳಲ್ಲಿ ಅದನ್ನು ನಡೆಸಿತಾದರೂ ಮತ ಹಾಕಿದವರು ಪಕ್ಷದೊಳಗಿನವರೇ. ಪರಪಕ್ಷಕ್ಕೆ ಮತ ಹಾಕುವ ಪ್ರಶ್ನೆ ನಮ್ಮಲ್ಲಿ ಏಳುವುದು ರಾಜ್ಯಸಭಾ ಚುನಾವಣೆಯ ಅಡ್ಡ ಮತದಾನದಲ್ಲಿ.

2016ರ ಜೂನ್ 11ರಂದು ಜೆಡಿಎಸ್‌ನ ಎಂಟು ಶಾಸಕರು ಕಾಂಗ್ರೆಸ್ಸಿನ ಕೆ.ಸಿ. ರಾಮಮೂರ್ತಿಯವರಿಗೆ ಮತ ಹಾಕಿದರು. ಜೆಡಿಎಸ್‌ನದೇ ಅಭ್ಯರ್ಥಿ ಬಿ.ಎಂ. ಫಾರೂಕ್ ಸೋತರು. ಎಂಟು ಮಂದಿಯಲ್ಲಿ ಗಂಗಾವತಿಯ ಇಕ್ಬಾಲ್ ಅನ್ಸಾರಿ ಒಬ್ಬರು. 2003ರ ತಿದ್ದುಪಡಿಯ ನಂತರ ರಾಜ್ಯಸಭೆಗೆ ಗುಪ್ತ ಮತದಾನವಿಲ್ಲ: ಶಾಸಕರು ಗುರುತು ಹಾಕಿದ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ, ಆಮೇಲೆ ಪೆಟ್ಟಿಗೆಗೆ ಹಾಕಬೇಕು. ಹೀಗೆ ಅಡ್ಡ ಹಾಕಿದ ಮಾತ್ರಕ್ಕೆ ಶಾಸಕತ್ವ ಹೋಗದು ಎಂಬುದನ್ನು 2006ರ ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಂದರೆ ಪಕ್ಷಕ್ಕೆ ಎಲ್ಲವೂ ಕಣ್ಣೆದುರೇ ತಿಳಿಯುತ್ತದೆ. ಮತದಾರನಿಗೆ?

ಅದೇ ಗಂಗಾವತಿಯಿಂದ 2023ರಲ್ಲಿ ಗೆದ್ದ ಜಿ. ಜನಾರ್ದನ ರೆಡ್ಡಿ 2024ರ ಫೆಬ್ರವರಿಯ ರಾಜ್ಯಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಮತ ಹಾಕಿದರು. ಮುಂದಿನ ತಿಂಗಳೇ ತಮ್ಮ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವನ್ನು (ಕೆಆರ್‌ಪಿಪಿ) ಬಿಜೆಪಿಯಲ್ಲಿ ವಿಲೀನಗೊಳಿಸಿದರು. ಮತ ಹಾಕಿದಾಗ ಪಕ್ಷ ಅವರದೇ ಆಗಿದ್ದರಿಂದ ಆಜ್ಞೆ ಮೀರಿದ ಮಾತೇ ಬರುವುದಿಲ್ಲ. ಸ್ಕಾಲಿಯಾ ಅಳತೆಯಲ್ಲಿ ಮೊದಲನೆಯದು ತಪ್ಪು, ಎರಡನೆಯದು ತಪ್ಪಲ್ಲ. ಆದರೆ ಗಂಗಾವತಿಯ ಮತದಾರನ ಪ್ರಶ್ನೆ ಎರಡೂ ಸಲ ಒಂದೇ: ನಾನು ಕೊಟ್ಟ ಅಧಿಕಾರವನ್ನು ಬೇರೆಯವರಿಗೆ ಬಳಸುವಾಗ ನನಗೆ ಕಾರಣ ಹೇಳಿದಿರಾ?

ಅಡ್ಡ ಮತದ ಸರಿತಪ್ಪು ಪಕ್ಷಕ್ಕಾದ ನಷ್ಟದಿಂದಲ್ಲ, ಮತದಾರನಿಗೆ ಒಪ್ಪಿಸಿದ ಲೆಕ್ಕದಿಂದ ತೀರ್ಮಾನವಾಗಬೇಕು ಎಂಬುದು ಈ ಲೇಖನದ ವಾದ. ಇದಕ್ಕೆ ಮಿತಿಗಳುಂಟು. ಚಿಹ್ನೆ ನೋಡದೆ ವ್ಯಕ್ತಿಯನ್ನು ನೋಡಿ ಮತ ಹಾಕಿದವನಿಗೆ ದ್ರೋಹವಾಯಿತೆನ್ನುವುದು ಕಷ್ಟ. ಆಮಿಷದ ಪ್ರಶ್ನೆ ಬೇರೆಯೇ. ಪರಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕುವ ಸಾಮಾನ್ಯ ನಾಗರಿಕ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ದುರ್ಬಲ ಎದುರಾಳಿಯನ್ನು ಗೆಲ್ಲಿಸುವ ಹುನ್ನಾರವಿದ್ದರೆ ಮಾತ್ರ ಅವನದು ತಪ್ಪು.

ಮುಂದಿನ ಚುನಾವಣೆಯ ಫಲಿತಾಂಶವನ್ನೇ ಲೆಕ್ಕ ಒಪ್ಪಿಸಿದಂತೆ ಎಂದು ಹಿಡಿಯಬಹುದೇ? 2018ರಲ್ಲಿ ಕಾಂಗ್ರೆಸ್ಸಿನಿಂದ ನಿಂತ ಅನ್ಸಾರಿ ಬಿಜೆಪಿಯ ಪರಣ್ಣ ಮುನವಳ್ಳಿಯವರೆದುರು ಸೋತರು. ಆ ಸೋಲಿನಲ್ಲಿ 2016ರ ಮತದ ಪಾಲೆಷ್ಟು ಎಂಬುದು ಬೂತುವಾರು ಅಧ್ಯಯನಕ್ಕೆ ಕಾದಿರುವ ಪ್ರಶ್ನೆ.