ಮೈಸೂರಿನ ಮಾಪನ, ಗಡಿಯ ಮಾತು: ಕನ್ನಡದಲ್ಲಿ ಸಾಕ್ಷ್ಯಾಧಾರಿತ ವಾಕ್-ಶ್ರವಣ ಚಿಕಿತ್ಸೆ

‘ಸಾಕ್ಷ್ಯಾಧಾರಿತ ಚಿಕಿತ್ಸೆ’ ಎಂಬ ಪರಿಕಲ್ಪನೆಗೆ 1996ರಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ಅವರ ಸಂಗಡಿಗರು ಖಚಿತವಾದ ರೂಪ ಕೊಟ್ಟರು. ಲಭ್ಯವಿರುವ ಉತ್ತಮ ಸಂಶೋಧನೆ, ಚಿಕಿತ್ಸಕರ ಅನುಭವ, ರೋಗಿಯ ಅಪೇಕ್ಷೆ ಇವು ಮೂರೂ ಕೂಡಿದಾಗಲೇ ತೀರ್ಮಾನ ಸರಿಯಾಗುತ್ತದೆಂಬುದು ಅದರ ಸಾರ. 2005ರಲ್ಲಿ ಅಮೆರಿಕದ ವಾಕ್-ಭಾಷೆ-ಶ್ರವಣ ಸಂಘವು ಇದೇ ನಿಲುವನ್ನು ತನ್ನ ವೃತ್ತಿಗೆ ಅನ್ವಯಿಸಿಕೊಂಡಿತು. ಆದರೆ ಈ ವೃತ್ತಿಗೆ ಅದರದೇ ಆದ ಒಂದು ತೊಡಕುಂಟು. ರಕ್ತದೊತ್ತಡವನ್ನು ಅಳೆಯುವ ಉಪಕರಣಕ್ಕೆ ರೋಗಿಯ ಭಾಷೆ ಯಾವುದಾದರೂ ಒಂದೇ. ಮಾತನ್ನು ಅಳೆಯುವ ಪರೀಕ್ಷೆಗಾದರೋ ಭಾಷೆಯೇ ಉಪಕರಣ. ಆದಕಾರಣ ಕನ್ನಡದಲ್ಲಿ ಈ ಚಿಕಿತ್ಸೆಯ ಚರಿತ್ರೆಯೆಂದರೆ ಮೊದಲಿಗೆ ಕನ್ನಡದ ಅಳತೆಗೋಲುಗಳನ್ನು ರೂಪಿಸಿಕೊಂಡ ಚರಿತ್ರೆ.

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದಾಗ ಈ ಶಾಸ್ತ್ರದ ಪಠ್ಯಗಳೂ ಪರೀಕ್ಷೆಗಳೂ ಬಹುಮಟ್ಟಿಗೆ ಇಂಗ್ಲಿಷಿನವು. ಇಂಗ್ಲಿಷ್ ಪದಪಟ್ಟಿಯಿಂದ ಕನ್ನಡಿಗರ ಶ್ರವಣವನ್ನು ಅಳೆದರೆ, ತಪ್ಪು ಉತ್ತರಕ್ಕೆ ಕಾರಣ ಕಿವಿಯೋ ಪದದ ಅಪರಿಚಯವೋ ತಿಳಿಯದು. ಈ ಕೊರತೆಯನ್ನು ನೀಗಿಸುವ ಕೆಲಸ ಅಲ್ಲಿಯ ಅಧ್ಯಾಪಕರಿಂದಲೂ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಿಂದಲೂ ನಡೆಯಿತು. 1972ರಲ್ಲಿ ಬಾಬು, ರತ್ನ ಮತ್ತು ಬೆಟಗೇರಿ ಅವರ ಕನ್ನಡ ಉಚ್ಚಾರಣಾ ಪರೀಕ್ಷೆ ಪ್ರಕಟವಾಯಿತು. 1976ರಲ್ಲಿ ಬಿ. ರಾಜಶೇಖರ್ ಅವರು ಮಾತನ್ನು ಗ್ರಹಿಸುವ ಕನಿಷ್ಠ ಧ್ವನಿಮಟ್ಟವನ್ನು ಚಿತ್ರಗಳ ನೆರವಿನಿಂದ ಅಳೆಯುವ ಕನ್ನಡ ಪರೀಕ್ಷೆಯನ್ನು ರೂಪಿಸಿದರು. 1980ರಲ್ಲಿ ಪ್ರತಿಭಾ ಕಾರಂತರ ಭಾಷಾ ಚಿತ್ರಣ ಪರೀಕ್ಷೆ ಧ್ವನಿ, ವಾಕ್ಯ, ಅರ್ಥ ಎಂಬ ಮೂರು ನೆಲೆಗಳಲ್ಲಿ ಭಾಷಾನಷ್ಟವನ್ನು ಗುರುತಿಸುವ ದಾರಿ ತೆರೆಯಿತು. 1990ರ ಹೊತ್ತಿಗೆ ಮಕ್ಕಳಿಗಾಗಿ ಕನ್ನಡ ಭಾಷಾ ಪರೀಕ್ಷೆಯೂ ಸಿದ್ಧವಾಯಿತು. ಉಚ್ಚಾರಣಾ ಪರೀಕ್ಷೆಯನ್ನು 2010ರಲ್ಲಿ ಮತ್ತೆ ಪ್ರಮಾಣೀಕರಿಸಲಾಯಿತು. ಒಂದು ತಲೆಮಾರಿನ ಮಕ್ಕಳಿಂದ ಪಡೆದ ಪ್ರಮಾಣ ಮುಂದಿನ ತಲೆಮಾರಿಗೆ ತಾನಾಗಿಯೇ ಸಲ್ಲದೆಂಬ ಅರಿವು ಅದರ ಹಿಂದಿತ್ತು.

ಕಾಲದ ಬಗೆಗೆ ಮೂಡಿದ ಈ ಎಚ್ಚರ ಪ್ರದೇಶದ ಬಗೆಗೂ ಅಷ್ಟೇ ಅಗತ್ಯ. ಕೊಲ್ಹಾಪುರ ಜಿಲ್ಲೆಯಲ್ಲಿ, ದೂಧಗಂಗೆಯ ದಡದ ಸುಳಕೂಡದಿಂದ ಇಚಲಕರಂಜಿ, ಗಡಹಿಂಗ್ಲಜಗಳವರೆಗಿನ ಸೀಮೆಯಲ್ಲಿ ಕನ್ನಡವು ಮರಾಠಿಯ ಒಡನಾಟದಲ್ಲೇ ಬಾಳಿಕೊಂಡು ಬಂದ ಭಾಷೆ. ಇಂತಹ ಸೀಮೆಯ ಕನ್ನಡದ ಸ್ವರೂಪ ಶಾಸ್ತ್ರಕ್ಕೆ ಅಪರಿಚಿತವೇನಲ್ಲ. ಮೈಸೂರಿನ ಉಚ್ಚಾರಣಾ ಪರೀಕ್ಷೆಗಿಂತ ಒಂದು ವರ್ಷ ಮೊದಲು, 1971ರಲ್ಲಿ, ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರು ನೆರೆಯ ಸಾಂಗಲಿ ಜಿಲ್ಲೆಯ ಕುಪವಾಡದ ಮಾತನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದ್ದರು. ಶತಮಾನಗಳ ದ್ವಿಭಾಷಿಕತೆಯಿಂದಾಗಿ ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹುಪಾಲು ಒಂದೇ ಅಚ್ಚಿಗೆ ಬಂದಿದೆ, ಪದಗಳು ಮಾತ್ರ ಬೇರೆ ಬೇರೆಯಾಗಿ ಉಳಿದಿವೆ ಎಂದು ಅವರು ತೋರಿಸಿದರು. ಬರಹದ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂದರೆ ಸಾಕು, ಕ್ರಿಯಾಪದ ಬೇಡ. ಕುಪವಾಡದ ಕನ್ನಡ ‘ಇದ್ ನಿಮ್ದ್ ಮನಿ ಐತಿ’ ಎನ್ನುತ್ತದೆ. ‘ನಿಮ್ಮ’ ಮತ್ತು ‘ನಿಮ್ಮದು’ ಎಂಬ ಭೇದ ಅಲ್ಲಿ ಅಳಿದಿದೆ. ಮರಾಠಿಯ ‘ಆಹೇ’ ನಿಲ್ಲುವ ಸ್ಥಾನದಲ್ಲಿ ‘ಐತಿ’ ನಿಂತಿದೆ.

ಭಾಷಾಶಾಸ್ತ್ರದ ಲೋಕದಲ್ಲಿ ಈ ಅಧ್ಯಯನ ಪ್ರಸಿದ್ಧ. ಚಿಕಿತ್ಸಾಲಯದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಗಡಿಸೀಮೆಯ ಐದು ವರ್ಷದ ಮಗುವೊಂದು ವಾಕ್ಯರಚನೆಯ ಪರೀಕ್ಷೆಯಲ್ಲಿ ‘ಇದ್ ನಿಮ್ದ್ ಮನಿ ಐತಿ’ ಎಂದು ಉತ್ತರಿಸಿದರೆ, ಶಿಷ್ಟ ಕನ್ನಡವನ್ನೇ ಪ್ರಮಾಣವೆಂದು ನಂಬಿದ ಪರೀಕ್ಷಕರು ಅಲ್ಲಿ ಎರಡು ತಪ್ಪುಗಳನ್ನು ಎಣಿಸಬಲ್ಲರು. ಉಚ್ಚಾರಣಾ ಪರೀಕ್ಷೆಯಲ್ಲಿ ಪದದ ಕೊನೆಯ ಎಕಾರ ಇಕಾರವಾಗಿ ಕೇಳಿಸಿದರೆ ಮೂರನೆಯದು. ಮರಾಠಿಯಲ್ಲಿರುವಂತೆ ಚಕಾರ ಹಲ್ಲಿನ ಬುಡದಲ್ಲಿ ಹುಟ್ಟಿದರೆ ನಾಲ್ಕನೆಯದು. ವಾಸ್ತವದಲ್ಲಿ ಆ ಮಗು ತನ್ನ ತಾಯಿಯ ಮಾತನ್ನು ಚೊಕ್ಕವಾಗಿಯೇ ಕಲಿತಿರುತ್ತದೆ. ಭಾಷೆಯ ಯಾವ ಪ್ರಭೇದವೂ ದೋಷವಲ್ಲವೆಂದು ಅಮೆರಿಕದ ಸಂಘವು 1983ರಷ್ಟು ಹಿಂದೆಯೇ ಘೋಷಿಸಿತ್ತು. ಆದರೆ ಪ್ರಭೇದದ ವಿವರ ಕೈಯಲ್ಲಿಲ್ಲದ ಪರೀಕ್ಷಕರಿಗೆ ಘೋಷಣೆಯೊಂದರಿಂದ ದಾರಿ ಕಾಣುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಹಾನಿಕರ. ‘ಗಡಿಯ ಮಕ್ಕಳು, ಎರಡು ಭಾಷೆಯ ಗೊಂದಲ, ದೊಡ್ಡವರಾದ ಮೇಲೆ ಸರಿಹೋಗುತ್ತದೆ’ ಎಂಬ ಸಮಾಧಾನದ ಮಾತಿನಲ್ಲಿ ನಿಜವಾದ ಶ್ರವಣದೋಷವೂ ಭಾಷಾವಿಳಂಬವೂ ಮುಚ್ಚಿಹೋಗುತ್ತವೆ, ಮಾತು ಕಲಿಯುವ ಮೊದಲ ವರ್ಷಗಳು ಕಳೆದುಹೋಗುತ್ತವೆ. ಭಾಷಾದೋಷವಿರುವ ದ್ವಿಭಾಷಿಕ ಮಗುವಿನಲ್ಲಿ ದೋಷದ ಗುರುತು ಎರಡು ಭಾಷೆಗಳಲ್ಲೂ ಕಾಣುತ್ತದೆಂಬುದು ಇಂದು ಒಪ್ಪಿತವಾದ ತಿಳಿವಳಿಕೆ. ಹಾಗಿರುವಾಗ ಮನೆಯ ಕನ್ನಡವನ್ನು ಬಿಟ್ಟು ಶಾಲೆಯ ಮರಾಠಿಯೊಂದರಲ್ಲೇ ಮಗುವನ್ನು ಪರೀಕ್ಷಿಸಿದರೆ ಸಾಕ್ಷ್ಯದ ಅರ್ಧ ಭಾಗ ಕಾಣೆಯಾಗುತ್ತದೆ. ಕನ್ನಡವನ್ನು ಬಿಡಿಸಿ ಮರಾಠಿಯನ್ನಷ್ಟೇ ಆಡಿಸಿರೆಂದು ಹೆತ್ತವರಿಗೆ ಹೇಳುವುದರಿಂದ ದೋಷ ಕಳೆಯದು. ಕಳೆದುಹೋಗುವುದು ಅಜ್ಜ ಅಜ್ಜಿಯರೊಡನೆ ಮಗುವಿಗಿರುವ ಮಾತಿನ ನಂಟು.

ಹೀಗೆ ಒಂದೇ ಕಾಲದಲ್ಲಿ ಎರಡು ಜ್ಞಾನಧಾರೆಗಳು ಹುಟ್ಟಿದವು. ಮೈಸೂರಿನಲ್ಲಿ ಕನ್ನಡದ ಅಳತೆಗೋಲು ಸಿದ್ಧವಾಯಿತು. ಕುಪವಾಡದಲ್ಲಿ ಗಡಿಯ ಕನ್ನಡದ ವ್ಯಾಕರಣ ದಾಖಲಾಯಿತು. ಗಡಿಯ ಮಗುವಿನ ಮಟ್ಟಿಗೆ ಇವೆರಡೂ ಕೂಡಿದಾಗಲೇ ಸಾಕ್ಷ್ಯ ಪೂರ್ಣ. ಮಗುವಿನ ಮಾತನ್ನು ಅದರ ತಾಯಿಯ, ಒಡಹುಟ್ಟಿದವರ, ಓರಗೆಯವರ ಮಾತಿನೊಡನೆ ಹೋಲಿಸುವುದು, ಕನ್ನಡ ಮರಾಠಿ ಎರಡರಲ್ಲೂ ಮಾತಿನ ಮಾದರಿಯನ್ನು ದಾಖಲಿಸುವುದು, ಸ್ಥಳೀಯ ರೂಪವನ್ನು ಸರಿಯುತ್ತರವೆಂದು ಪರೀಕ್ಷೆಯ ಕೈಪಿಡಿಯಲ್ಲೇ ನಮೂದಿಸುವುದು, ಇವು ದುಬಾರಿ ಯಂತ್ರಗಳನ್ನು ಬೇಡುವ ಕೆಲಸಗಳಲ್ಲ. ಸುಳಕೂಡದಂತಹ ಊರುಗಳ ಕನ್ನಡವನ್ನು ವಿವರಿಸುವ ಭಾಷಾಶಾಸ್ತ್ರಜ್ಞರ ಕಾರ್ಯ ಭಾಷೆಯ ಉಳಿವಿಗೆ ಮಾತ್ರ ಮೀಸಲಾದುದಲ್ಲ. ಯಾವ ಮಗುವಿಗೆ ಚಿಕಿತ್ಸೆ ಬೇಕು, ಯಾವ ಮಗುವಿಗೆ ಬೇಡ ಎಂಬ ತೀರ್ಪಿಗೂ ಅದೇ ಆಧಾರ.