ಒಂದರ ಮೇಲೊಂದು: ಬ್ಲಾಕ್ ಆಟದಲ್ಲಿ ಮಗುವಿನ ಬೆಳವಣಿಗೆ

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರಾಂಗಣದಲ್ಲಿ ಸುಮಾರು 42 ಅಡಿ ಎತ್ತರದ ದೀಪಸ್ತಂಭವು ಜಗತಿಯ ಮೇಲೆ ತನ್ನ ಭಾರದಿಂದಲೇ ನಿಂತಿದೆ. ಬೇಲೂರು (1117), ಹಳೇಬೀಡು (1121) ಹಾಗೂ ಅರಸೀಕೆರೆಯ ಈಶ್ವರ ದೇವಾಲಯಗಳನ್ನು (1220) ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲುಗಳನ್ನು ಜೋಡಿಸಿಯೇ ಕಟ್ಟಿದರು. ಅಗಲವಾದ ಬುಡ, ಸಮತೋಲ, ಸರಿಯಾದ ಜೋಡಣೆ ಎಂಬ ಅದೇ ಪಾಠಗಳನ್ನು ಪುಟ್ಟ ಮಗು ಮರದ ಬ್ಲಾಕ್‌ಗಳನ್ನು ಪೇರಿಸಿ, ಬೀಳಿಸಿ ಕಲಿಯುತ್ತದೆ.

ಹಿನ್ನೆಲೆ

1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬರ್ಗ್‌ನಲ್ಲಿ ಶಿಶುವಿಹಾರ ಪದ್ಧತಿಗೆ ನಾಂದಿ ಹಾಡಿದ ಫ್ರೆಡ್ರಿಕ್ ಫ್ರೊಬೆಲ್, ಮರದ ಘನಗಳನ್ನು ಕಲಿಕೆಯ ಸಾಧನವಾಗಿಸಿದರು. ಕರ್ನಾಟಕದಲ್ಲಿ ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರದಿಂದ ತಯಾರಿಸಿ ಅರಗಿನ ಬಣ್ಣ ಹಚ್ಚುವ ಆಟಿಕೆಗಳು ಪ್ರಸಿದ್ಧವಾಗಿವೆ.

ವಯಸ್ಸಿಗೆ ತಕ್ಕ ಹಂತ

ಒಂದು ವರ್ಷದ ಸುಮಾರಿಗೆ ಮಗು ಎರಡು ಬ್ಲಾಕ್‌ಗಳನ್ನು ಪರಸ್ಪರ ಬಡಿದು ಸದ್ದು ಮಾಡುತ್ತದೆ. 15 ತಿಂಗಳಿಗೆ ಎರಡನ್ನು, ಒಂದೂವರೆ ವರ್ಷಕ್ಕೆ ಮೂರು-ನಾಲ್ಕನ್ನು, ಎರಡು ವರ್ಷಕ್ಕೆ ಸುಮಾರು ಆರನ್ನು ಪೇರಿಸುತ್ತದೆ. ಮೂರು ವರ್ಷಕ್ಕೆ ಒಂಬತ್ತರ ಗೋಪುರವನ್ನೂ ಸೇತುವೆಯನ್ನೂ ಕಟ್ಟಬಲ್ಲದು. ಮಕ್ಕಳ ವೈದ್ಯರು ಬೆಳವಣಿಗೆಯನ್ನು ಅಳೆಯಲು ಇದೇ ಆಟವನ್ನು ಬಳಸುತ್ತಾರೆ. ಒಂದೆರಡು ತಿಂಗಳ ವ್ಯತ್ಯಾಸ ಸಹಜ.

ಪ್ರಯೋಜನಗಳು

ಬ್ಲಾಕ್ ಹಿಡಿದು ಸರಿಯಾದ ಜಾಗದಲ್ಲಿ ಇಟ್ಟು ಬಿಡುವ ಕ್ರಿಯೆಯಿಂದ ಬೆರಳುಗಳ ಹಿಡಿತ ಹಾಗೂ ಕಣ್ಣು-ಕೈಗಳ ಹೊಂದಾಣಿಕೆ ಬಲಗೊಳ್ಳುತ್ತವೆ. ಗೋಪುರ ಕುಸಿದಾಗ ಮತ್ತೆ ಕಟ್ಟುವುದರಿಂದ ತಾಳ್ಮೆ ಬರುತ್ತದೆ. ‘ಮೇಲೆ, ಕೆಳಗೆ, ದೊಡ್ಡದು, ಇನ್ನೊಂದು’ ಎಂಬ ಮಾತುಗಳು ಗಣಿತಕ್ಕೂ ಭಾಷೆಗೂ ಬುನಾದಿ ಹಾಕುತ್ತವೆ. ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳ ಕುರಿತು ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬ್ಲಾಕ್‌ಗಳನ್ನು ಪಡೆದ ಮಕ್ಕಳ ಭಾಷಾ ಸಾಮರ್ಥ್ಯ ಆರು ತಿಂಗಳ ನಂತರ ಹೆಚ್ಚಿರುವುದು ಕಂಡುಬಂದಿತು. ಆದರೆ ಏಕಾಗ್ರತೆಯಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಆಟಿಕೆಯಷ್ಟೇ ಜೊತೆಗೆ ಕುಳಿತು ಮಾತನಾಡುವ ಹಿರಿಯರೂ ಮುಖ್ಯ.

ಮನೆಯಲ್ಲೇ ದೊರೆಯುವ ಸಾಮಗ್ರಿ

ದುಬಾರಿ ಆಟಿಕೆ ಅನಿವಾರ್ಯವಲ್ಲ. ತೆಂಗಿನ ನಾಡಾದ ಅರಸೀಕೆರೆಯಲ್ಲಿ ಅಂಚು ಉಜ್ಜಿ ನುಣುಪಾಗಿಸಿದ ಕರಟಗಳು ಸಾಕು. ಸೇರು, ಪಾವು, ಚಟಾಕುಗಳನ್ನು ಒಂದರೊಳಗೊಂದು ಇಡುವುದೂ ಗಾತ್ರದ ಪಾಠವೇ. ಖಾಲಿ ಸಾಬೂನು ಪೆಟ್ಟಿಗೆಗಳನ್ನೂ ಬಳಸಬಹುದು.

ಎಚ್ಚರಿಕೆ

ಮೂರು ವರ್ಷದೊಳಗಿನ ಮಕ್ಕಳಿಗೆ ಬಾಯೊಳಗೆ ಹಿಡಿಸುವಷ್ಟು ಚಿಕ್ಕ ತುಂಡುಗಳನ್ನು, ಬಿಡಿ ಅಯಸ್ಕಾಂತಗಳನ್ನು ಕೊಡಬಾರದು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮೊಬೈಲ್ ಈ ಆಟಕ್ಕೆ ಬದಲಿಯಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ವೀಕ್ಷಣೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭ

ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಯೇ ಇಡುವುದು, ಒಂದೂವರೆ ವರ್ಷವಾದರೂ ವಸ್ತುಗಳನ್ನು ಹಿಡಿದೆತ್ತದಿರುವುದು, ಕಲಿತದ್ದನ್ನು ಕಳೆದುಕೊಳ್ಳುವುದು ಕಂಡುಬಂದರೆ ‘ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಎಂದು ಕಾಯಬಾರದು. ಮೆದುಳು ವೇಗವಾಗಿ ಬೆಳೆಯುವ ಮೊದಲ ವರ್ಷಗಳಲ್ಲಿ ದೊರೆಯುವ ಚಿಕಿತ್ಸೆ ಹೆಚ್ಚು ಫಲಕಾರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡುವ ವ್ಯವಸ್ಥೆಯಿದೆ. ಬೆಳವಣಿಗೆಯ ವಿಳಂಬವೂ ಅದರ ವ್ಯಾಪ್ತಿಗೆ ಸೇರಿದ್ದು, ಪೋಷಕರು ತಮ್ಮ ಅನುಮಾನವನ್ನು ಅಲ್ಲಿ ಹೇಳಿಕೊಳ್ಳಬಹುದು.