ಇಲಿಗೆ ಕೇಳಿದ ಪ್ರಶ್ನೆ

ನಿಮ್ಹಾನ್ಸ್ ಗೇಟಿನಿಂದ ಹೊಸೂರು ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಬೊಮ್ಮಸಂದ್ರ ಸಿಗುತ್ತದೆ. ದಾರಿಯ ಈ ಕಡೆ ಮಾನಸಿಕ ರೋಗಿಗಳ ಆಸ್ಪತ್ರೆ, ಆ ಕಡೆ ಔಷಧ ಸಂಶೋಧನೆಯ ಕಟ್ಟಡಗಳು. ನಡುವಿನ ಸಾವಿರಾರು ಜನರಿಗೆ ದಿನವಿಡೀ ಪರದೆಯ ಮೇಲೆ ಗಮನ ನೆಟ್ಟು ಕೂರುವುದೇ ಕೆಲಸ. ಸ್ಕಿಜೋಫ್ರೇನಿಯಾ ಬಂದ ತರುಣನೊಬ್ಬನಿಗೆ ಮಾತ್ರೆಯಿಂದ ಕಿವಿಯೊಳಗಿನ ದನಿಗಳು ಅಡಗಿದರೂ ಆ ಕುರ್ಚಿಗೆ ಮರಳುವುದು ಎಷ್ಟೋ ಸಲ ಆಗುವುದಿಲ್ಲ. ದನಿ ನಿಂತಿರುತ್ತದೆ, ಗಮನ ನಿಲ್ಲುವುದಿಲ್ಲ. ಹೀಗೇಕೆ ಎಂಬುದರ ಉತ್ತರದಲ್ಲಿ ಒಂದು ಪಾಲು ಪ್ರಯೋಗಶಾಲೆಯ ಇಲಿಯ ಚರಿತ್ರೆಯಲ್ಲಿದೆ.

1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ರೋನ್-ಪುಲಾಂಕ್ ಕಂಪನಿಯ ಪಾಲ್ ಶಾರ್ಪಾಂಟಿಯೆ ಕ್ಲೋರ್‌ಪ್ರೊಮಜಿನ್ ತಯಾರಿಸಿದರು. ಅದೇ ಕಂಪನಿಯ ಸಿಮೋನ್ ಕುರ್ವಾಸಿಯೆ ಅದನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಗಂಟೆ ಬಾರಿಸಿದೊಡನೆ ಹಗ್ಗ ಹತ್ತಿದರೆ ವಿದ್ಯುತ್ ಆಘಾತ ತಪ್ಪುತ್ತದೆಂದು ಇಲಿಗಳು ಮೊದಲೇ ಕಲಿತಿದ್ದವು. ಔಷಧ ಕೊಟ್ಟ ಮೇಲೆ ಗಂಟೆ ಕೇಳಿದರೂ ಅವು ಕದಲಲಿಲ್ಲ. ಹತ್ತುವ ಶಕ್ತಿ ಇತ್ತು, ಗಂಟೆಯ ಅಂಜಿಕೆ ಹೋಗಿತ್ತು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ದಲೇ ಮತ್ತು ದೆನಿಕೆರ್ ಅದನ್ನು ರೋಗಿಗಳಿಗೆ ಕೊಟ್ಟಾಗ ಕೂಗಾಟ, ಭ್ರಮೆ ಇಳಿದವು. ವಾರ್ಡುಗಳು ಶಾಂತವಾದವು.

ಅದು ಸಣ್ಣ ಗೆಲುವಲ್ಲ. ಜೀವಮಾನವಿಡೀ ಆಸ್ಪತ್ರೆಯಲ್ಲೇ ಉಳಿಯಬೇಕಿದ್ದ ಎಷ್ಟೋ ಜನ ಮನೆಗೆ ಮರಳಿದರು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಬ್ರಾಹ್ಮ್ಯಾದಿಯೋಗವೆಂಬ ಆಯುರ್ವೇದ ಔಷಧವನ್ನು ಉನ್ಮಾದದ ರೋಗಿಗಳಲ್ಲಿ ಪರೀಕ್ಷಿಸಿದಾಗಲೂ ಅಳತೆಗೋಲಾಗಿದ್ದದ್ದು ಕ್ಲೋರ್‌ಪ್ರೊಮಜಿನ್ನೇ. ಆದರೆ ಗಂಟೆಗೆ ಓಗೊಡದ ಇಲಿಯನ್ನು ಹುಡುಕುವ ಈ ಬಗೆಯ ಪರೀಕ್ಷೆಯೇ ಮುಂದೆ ದಶಕಗಳ ಕಾಲ ಹೊಸ ಔಷಧಗಳನ್ನು ಸೋಸುವ ಜರಡಿಯಾಯಿತು. ಜರಡಿ ಒಂದೇ ಆದಾಗ ಕೆಳಗೆ ಬೀಳುವ ಕಾಳೂ ಒಂದೇ ಬಗೆಯದು. ಕಾತರ ತಗ್ಗಿಸುವ ಮದ್ದು ಸಿಕ್ಕಿತು. ಗಮನ ಮರಳಿಸುವ ಮದ್ದನ್ನು ಯಾರೂ ಇಲಿಯಲ್ಲಿ ಕೇಳಿರಲಿಲ್ಲ.

1983ರಲ್ಲಿ ಕೇಂಬ್ರಿಜ್‌ನ ಟ್ರೆವರ್ ರಾಬಿನ್ಸ್ ಮತ್ತು ಸಂಗಡಿಗರು ಬೇರೆ ಪ್ರಶ್ನೆ ಕೇಳಿದರು. ಪೆಟ್ಟಿಗೆಯ ಬಾಗಿದ ಗೋಡೆಯಲ್ಲಿ ಐದು ರಂಧ್ರ. ಯಾವುದೋ ಒಂದರಲ್ಲಿ ಅರೆ ಸೆಕೆಂಡು ದೀಪ ಮಿನುಗುತ್ತದೆ. ಅಲ್ಲೇ ಮೂತಿ ಇಟ್ಟರೆ ತಿನಿಸು. ತಪ್ಪಿದರೆ ಕೆಲವು ಕ್ಷಣ ಕತ್ತಲು. ದೀಪ ಹೊತ್ತುವ ಮೊದಲೇ ಮೂತಿ ತೂರಿಸಿದರೆ ಅದು ಆತುರದ ಲೆಕ್ಕಕ್ಕೆ. ಇದನ್ನು ಕಲಿಸಲು ವಾರಗಟ್ಟಲೆ ಬೇಕು. ಕಲಿತ ಇಲಿಗೆ ಫೆನ್‌ಸೈಕ್ಲಿಡಿನ್ ಅಥವಾ ಕೆಟಮಿನ್ ಕೊಟ್ಟು ಗಮನ ಕೆಡಿಸುತ್ತಾರೆ. ಮನುಷ್ಯರಲ್ಲೂ ಇವು ಸ್ಕಿಜೋಫ್ರೇನಿಯಾದಂಥ ಸ್ಥಿತಿ ತರುತ್ತವೆ. ಹೊಸ ಔಷಧವು ಕೆಟ್ಟ ಗಮನವನ್ನು ಸರಿಪಡಿಸುತ್ತದೆಯೇ ಎಂದು ಆಮೇಲೆ ನೋಡುತ್ತಾರೆ.

ಪ್ರಶ್ನೆ ಸರಿಯಾಯಿತು, ಉತ್ತರ ಇನ್ನೂ ಸಿಕ್ಕಿಲ್ಲ. ಪ್ರಾಣಿಗಳಲ್ಲಿ ಭರವಸೆ ಮೂಡಿಸಿದ್ದ ಎನ್ಸೆನಿಕ್ಲಿನ್ 2016ರಲ್ಲಿ, ಐಕ್ಲೆಪರ್ಟಿನ್ 2025ರಲ್ಲಿ, ರೋಗಿಗಳ ಅರಿವಿನ ಶಕ್ತಿ ಹೆಚ್ಚಿಸುವ ಕೊನೆಯ ಹಂತದ ಪರೀಕ್ಷೆಯಲ್ಲಿ ಸೋತವು. ಒಂದು ಚುಚ್ಚುಮದ್ದಿನಿಂದ ಗಂಟೆಹೊತ್ತು ಕೆಟ್ಟ ಇಲಿಯ ಗಮನವೂ ವರ್ಷಗಟ್ಟಲೆ ಕುಗ್ಗಿದ ಮನುಷ್ಯನ ಗಮನವೂ ಒಂದೇ ಅಲ್ಲ.

ಬೊಮ್ಮಸಂದ್ರದ ಪಾಲು ಇಂಥ ಕೆಲಸದ ಕೈಯಾಗಿರುವುದು. 1993ರಲ್ಲಿ ಹುಟ್ಟಿದ ಸಿಂಜೀನ್, 2009ರಲ್ಲಿ ಅದರೊಳಗೇ ತೆರೆದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಸಂಶೋಧನಾ ಕೇಂದ್ರ ಈ ಬಗೆಯವು. ಅಣು ಕಟ್ಟುವುದು, ಪ್ರಾಣಿಗಳಲ್ಲಿ ನೋಡುವುದು ಇಲ್ಲಿ. ಯಾವ ಕಾಯಿಲೆ, ಯಾವ ಪ್ರಶ್ನೆ ಎಂದು ನಿರ್ಧರಿಸುವವರು ಬಹುಮಟ್ಟಿಗೆ ದೂರದಲ್ಲಿರುತ್ತಾರೆ.

ರಸ್ತೆಯ ಈ ತುದಿಯಲ್ಲಿ, ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞರು ಗಮನದ ತರಬೇತಿಗೆ ಬಳಸಿದ ಸಾಧನಗಳು ಸರಳ: ಬೆರೆಸಿದ ಕಾಳುಗಳನ್ನು ಬೇರ್ಪಡಿಸುವುದು, ಸಾಲಿನಲ್ಲಿ ಒಂದೇ ಅಕ್ಷರವನ್ನು ಹುಡುಕಿ ಗೆರೆ ಎಳೆಯುವುದು. ಅವರು ಅಲ್ಲಿ ಇಲಿಗಲ್ಲ, ಕಾಯಿಲೆಯವರಿಗೇ ಆ ಪ್ರಶ್ನೆ ಕೇಳುತ್ತಿದ್ದಾರೆ. ಮದ್ದು ಬರುವವರೆಗೂ ಕೇಳುತ್ತಲೇ ಇರಬೇಕು.